ಮರುಭೂಮಿಯಲ್ಲಿ ಗಾಲ್ಫ್: ಪ್ರವಾಸಕ್ಕೆ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಮರುಭೂಮಿಯ ಗಾಲ್ಫ್ ಕೋರ್ಸಿನ ಚಿತ್ರ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಕಂದು ನೆಲ, ಕೆಂಪು ಬಂಡೆ, ನಡುವೆ ದಟ್ಟ ಹಸಿರು. ಆಡಲು ಇಳಿದವರಿಗೆ ಮೊದಲು ಅರಿವಾಗುವುದು ಆ ಹಸಿರಿನ ಅಂಚು. ಬೇರೆ ಕಡೆ ಫೇರ್‌ವೇ (ಕತ್ತರಿಸಿದ ಹುಲ್ಲಿನ ಹಾದಿ) ತಪ್ಪಿದ ಚೆಂಡು ಉದ್ದ ಹುಲ್ಲಿನಲ್ಲಿ ಸಿಗುತ್ತದೆ, ಅಲ್ಲಿಂದ ಇನ್ನೊಂದು ಹೊಡೆತಕ್ಕೆ ಅವಕಾಶ ಇರುತ್ತದೆ. ಇಲ್ಲಿ ಅಂಚು ದಾಟಿದರೆ ಕಲ್ಲು, ಮುಳ್ಳು, ಕಳ್ಳಿ. ಆದ್ದರಿಂದ ಮರುಭೂಮಿಯ ಆಟದ ಬಹುಪಾಲು ಕ್ಲಬ್ (ಹೊಡೆಯುವ ಕೋಲು) ಬೀಸುವ ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ: ಯಾವ ತಿಂಗಳು ಹೋದಿರಿ, ಎಷ್ಟು ಹೊತ್ತಿಗೆ ಆಟ ಶುರು ಮಾಡಿದಿರಿ, ಯಾವ ಟೀ (ಮೊದಲ ಹೊಡೆತದ ಜಾಗ) ಆರಿಸಿಕೊಂಡಿರಿ, ಚೆಂಡು ಎಲ್ಲಿ ನಿಲ್ಲಬೇಕೆಂದು ಲೆಕ್ಕ ಹಾಕಿದಿರಿ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ. ಆಟದ ಮೂಲ ಪಾಠ ಗೊತ್ತಿದ್ದು, ಮರುಭೂಮಿಗೆ ಮೊದಲ ಬಾರಿ ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಹಂತ 1: ಯಾವ ಬಗೆಯ ಮರುಭೂಮಿ ಎಂದು ಆರಿಸಿಕೊಳ್ಳಿ

ಮರುಭೂಮಿ ಕೋರ್ಸ್‌ಗಳೆಲ್ಲ ಒಂದೇ ಥರ ಇರುವುದಿಲ್ಲ. ಅಮೆರಿಕದ ಅರಿಜೋನಾದಲ್ಲಿ 1980ರಲ್ಲಿ ಅಂತರ್ಜಲ ನಿರ್ವಹಣಾ ಕಾಯ್ದೆ ಬಂತು. ಅದರ ಬೆನ್ನಿಗೇ ಬಂದ ನಿಯಮಗಳು ಫೀನಿಕ್ಸ್ ಸುತ್ತಲಿನ ಹೊಸ ಕೋರ್ಸ್‌ಗಳು ಎಷ್ಟು ಹುಲ್ಲಿಗೆ ನೀರು ಹಾಯಿಸಬಹುದು ಎಂಬುದಕ್ಕೆ ಮಿತಿ ಹಾಕಿದವು. 18 ಹೋಲ್‌ಗಳ ಇಡೀ ಕೋರ್ಸಿಗೆ ಸುಮಾರು 90 ಎಕರೆ. ಇಷ್ಟೇ ಹುಲ್ಲಿನಲ್ಲಿ ಕೋರ್ಸ್ ಕಟ್ಟಬೇಕೆಂದರೆ ವಿನ್ಯಾಸಕಾರನಿಗೆ ಇರುವ ದಾರಿ ಒಂದೇ. ಟೀ ಇರುವಲ್ಲಿ ಒಂದು ತುಂಡು ಹಸಿರು, ಚೆಂಡು ಬೀಳುವಲ್ಲಿ ಒಂದು ತುಂಡು, ಗುಳಿಯಿರುವ ನುಣುಪು ಹುಲ್ಲಿನ ಗ್ರೀನ್ ಸುತ್ತ ಇನ್ನೊಂದು ತುಂಡು, ನಡುವೆಲ್ಲ ಮರುಭೂಮಿಯನ್ನು ಹಾಗೇ ಬಿಡುವುದು. ಇದನ್ನೇ ಟಾರ್ಗೆಟ್ ಗಾಲ್ಫ್ ಎನ್ನುತ್ತಾರೆ. ಸ್ಕಾಟ್ಸ್‌ಡೇಲ್‌ನಲ್ಲಿ ಜ್ಯಾಕ್ ನಿಕ್ಲಾಸ್ ರೂಪಿಸಿದ ಡೆಸರ್ಟ್ ಹೈಲ್ಯಾಂಡ್ಸ್‌ನಲ್ಲಿ 1983ರಲ್ಲಿ, ಪ್ರತಿ ಹೋಲ್‌ಗೂ ಹಣ ಪಣವಿಟ್ಟು ಆಡುವ ಸ್ಕಿನ್ಸ್ ಗೇಮ್ ಮೊದಲ ಬಾರಿ ನಡೆಯಿತು. ಹೆಸರಾಂತ ಆಟಗಾರರಾದ ಪಾಮರ್, ನಿಕ್ಲಾಸ್, ಪ್ಲೇಯರ್, ವಾಟ್ಸನ್ ನಾಲ್ವರೂ ಬಂಡೆ, ಕಳ್ಳಿಗಳ ನಡುವೆ ಆಡುವುದನ್ನು ಜನ ಟಿವಿಯಲ್ಲಿ ನೋಡಿದರು. ಆ ಕ್ಲಬ್ ಖಾಸಗಿ, ಹೊರಗಿನವರಿಗೆ ಪ್ರವೇಶವಿಲ್ಲ. ಆದರೆ ಅದೇ ಊರಿನ ಟ್ರೂನ್ ನಾರ್ತ್, ಗ್ರೇಹಾಕ್, ಹತ್ತಿರದ ವೀ-ಕೋ-ಪಾ ಎಲ್ಲವೂ ಶುಲ್ಕ ಕೊಟ್ಟು ಯಾರು ಬೇಕಾದರೂ ಆಡಬಹುದಾದವು.

ಎರಡನೆಯ ಬಗೆ ಕೊಲ್ಲಿಯ ಕಡೆಯದು. ದುಬೈನ ಎಮಿರೇಟ್ಸ್ ಗಾಲ್ಫ್ ಕ್ಲಬ್‌ನ ಮಜ್ಲಿಸ್ ಕೋರ್ಸ್ 1988ರಲ್ಲಿ ತೆರೆದಾಗ, ಮಧ್ಯಪ್ರಾಚ್ಯದಲ್ಲಿ ಪೂರ್ತಿ ಹುಲ್ಲಿನ ಮೊದಲ ಚಾಂಪಿಯನ್‌ಷಿಪ್ ಕೋರ್ಸ್ ಅದಾಗಿತ್ತು. ಮಾರನೇ ವರ್ಷದಿಂದ ಡೆಸರ್ಟ್ ಕ್ಲಾಸಿಕ್ ಟೂರ್ನಿ ಶುರುವಾಯಿತು. ಇಲ್ಲಿ ಫೇರ್‌ವೇಗಳು ಅಗಲ, ಹಸಿರು ಧಾರಾಳ, ಹಿನ್ನೆಲೆಯಲ್ಲಿ ಗಗನಚುಂಬಿ ಕಟ್ಟಡಗಳು. ಅಬುಧಾಬಿಯ ಯಾಸ್ ಲಿಂಕ್ಸ್, ಮೆಕ್ಸಿಕೋದ ಲಾಸ್ ಕಾಬೋಸ್‌ನ ಕೋರ್ಸ್‌ಗಳಂಥವು ಮರಳನ್ನೂ ಸಮುದ್ರವನ್ನೂ ಒಟ್ಟಿಗೆ ತೋರಿಸುತ್ತವೆ.

ಮೂರನೆಯದು ಕೆಂಪು ಬಂಡೆ ಮತ್ತು ಲಾವಾದ ನಾಡು, ದಕ್ಷಿಣ ಯೂಟಾ. ಅಲ್ಲಿನ ಸ್ಯಾಂಡ್ ಹಾಲೋ ಕೋರ್ಸಿನ ಎರಡನೇ ಒಂಬತ್ತು ಹೋಲ್‌ಗಳಲ್ಲಿ ಕೆಲವು ಕೆಂಪು ಕಣಿವೆಯ ತುದಿಗೇ ಅಂಟಿಕೊಂಡಿವೆ. ಬ್ಲ್ಯಾಕ್ ಡೆಸರ್ಟ್ ಕೋರ್ಸ್ ಕಪ್ಪು ಲಾವಾ ಬಂಡೆಗಳ ನಡುವೆ ಹರಡಿದೆ. ನೋಟವೇ ಮುಖ್ಯ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಜಾಗವನ್ನೇ. ಚೆಂಡು ಕಳೆದುಕೊಳ್ಳುವ ಭಯ ಇರುವವರಿಗೆ ಮಾತ್ರ ವೀ-ಕೋ-ಪಾದ ಸಗ್ವಾರೊ ಕೋರ್ಸ್ ಹೇಳುತ್ತೇನೆ. ಬಿಲ್ ಕೋರ್ ಮತ್ತು ಬೆನ್ ಕ್ರೆನ್‌ಶಾ ರೂಪಿಸಿದ ಅದರ ಫೇರ್‌ವೇಗಳು ಉದಾರವಾಗಿವೆ, ನಡೆದೇ ಆಡಬಹುದು, ಸುತ್ತ ಮನೆಗಳಿಲ್ಲ. ಮರುಭೂಮಿ ಗಾಲ್ಫ್ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯುವುದಿಲ್ಲ.

ಹಂತ 2: ಹುಲ್ಲಿನ ಕ್ಯಾಲೆಂಡರ್ ನೋಡಿ ತಿಂಗಳು ನಿಗದಿ ಮಾಡಿ

ಹವಾಮಾನ ನೋಡಿ ಟಿಕೆಟ್ ಮಾಡುವವರು ಬಹಳ, ಹುಲ್ಲು ನೋಡಿ ಮಾಡುವವರು ಕಡಿಮೆ. ಆದರೆ ಪ್ರವಾಸ ಕೆಡುವುದು ಹೆಚ್ಚಾಗಿ ಹುಲ್ಲಿನಿಂದಲೇ.

ಅರಿಜೋನಾ, ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆ, ಲಾಸ್ ವೇಗಸ್ ಕಡೆ ಬೇಸಿಗೆಯ ಹುಲ್ಲು ಬರ್ಮುಡಾ. ಚಳಿ ಶುರುವಾದರೆ ಅದು ಕಂದಾಗಿ ನಿದ್ದೆಗೆ ಜಾರುತ್ತದೆ. ಚಳಿಗಾಲದ ಪ್ರವಾಸಿಗರಿಗೆ ಹಸಿರು ಬೇಕಾದ್ದರಿಂದ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ ಒಂದೊಂದೇ ಕೋರ್ಸ್ ಕೆಲವು ವಾರ ಬಾಗಿಲು ಹಾಕಿ, ಬರ್ಮುಡಾವನ್ನು ನೆಲಮಟ್ಟಕ್ಕೆ ಕತ್ತರಿಸಿ, ಮೇಲೆ ರೈ ಹುಲ್ಲಿನ ಬೀಜ ಬಿತ್ತುತ್ತದೆ. ಇದಕ್ಕೆ ಓವರ್‌ಸೀಡಿಂಗ್ ಎನ್ನುತ್ತಾರೆ. ಮತ್ತೆ ತೆರೆದ ಮೊದಲ ವಾರಗಳಲ್ಲಿ ಎಳೆ ಹುಲ್ಲು ಕೀಳಬಾರದೆಂದು ಆಟಗಾರರು ಓಡಾಡುವ ಕಾರ್ಟನ್ನು ಸಿಮೆಂಟ್ ದಾರಿ ಬಿಟ್ಟು ಇಳಿಸಲು ಬಿಡುವುದಿಲ್ಲ. ಪ್ರತಿ ಹೊಡೆತಕ್ಕೂ ಎರಡು ಮೂರು ಕ್ಲಬ್ ಕೈಯಲ್ಲಿ ಹಿಡಿದು ದಾರಿಯಿಂದ ಚೆಂಡಿನ ತನಕ ನಡೆಯಬೇಕು. ಗ್ರೀನ್‌ಗಳೂ ನಿಧಾನ. ಮೇ, ಜೂನ್‌ನಲ್ಲಿ ಇದರ ತಿರುವುಮುರುವು: ರೈ ಒಣಗಿ ಬರ್ಮುಡಾ ಏಳುವಾಗ ಫೇರ್‌ವೇ ತೇಪೆ ತೇಪೆಯಾಗಿ ಕಾಣುತ್ತದೆ. ಗ್ರೀನ್‌ಗೆ ತೂತು ಹಾಕಿ ಮರಳು ತುಂಬುವ ಕೆಲಸವನ್ನು ಸಾಮಾನ್ಯವಾಗಿ ಬೇಸಿಗೆಗೆ ಇಟ್ಟುಕೊಳ್ಳುತ್ತಾರೆ.

ಎಲ್ಲವೂ ಚೆನ್ನಾಗಿರುವ ಕಾಲ ನವೆಂಬರ್ ಮಧ್ಯದಿಂದ ಏಪ್ರಿಲ್. ದರವೂ ಆಗಲೇ ಶಿಖರದಲ್ಲಿರುತ್ತದೆ. ಫೆಬ್ರವರಿಯಲ್ಲಿ ಫೀನಿಕ್ಸ್ ಓಪನ್ ಟೂರ್ನಿ ನಡೆಯುವುದರಿಂದ ಸ್ಕಾಟ್ಸ್‌ಡೇಲ್‌ನಲ್ಲಿ ಕೋಣೆ, ಟೀ ಟೈಮ್ (ಆಟ ಶುರು ಮಾಡಲು ಕಾಯ್ದಿರಿಸುವ ವೇಳೆ) ಎರಡೂ ಕಷ್ಟ. ಕೊಲ್ಲಿ ದೇಶಗಳಿಗೂ ನವೆಂಬರ್‌ನಿಂದ ಮಾರ್ಚ್ ಸರಿ. ಅಲ್ಲಿ ರಂಜಾನ್ ತಿಂಗಳಲ್ಲಿ ಕ್ಲಬ್‌ಗಳ ವೇಳೆ ಬದಲಾಗಬಹುದು, ಮೊದಲೇ ವಿಚಾರಿಸಿ. ದಕ್ಷಿಣ ಆಸ್ಟ್ರೇಲಿಯಾದ ಒಳನಾಡಿಗೆ ಹೋಗುವುದಾದರೆ ಲೆಕ್ಕ ತಿರುಗಿಸಬೇಕು, ಮೇನಿಂದ ಆಗಸ್ಟ್ ಅಲ್ಲಿ ಹಿತ. ನಮೀಬಿಯಾದ ಸ್ವಾಕೊಪ್‌ಮುಂಡ್ ಹತ್ತಿರದ ರಾಸ್‌ಮುಂಡ್ ಕೋರ್ಸ್ ಮರುಭೂಮಿಯಲ್ಲಿದ್ದರೂ ಅಟ್ಲಾಂಟಿಕ್‌ನ ತಣ್ಣನೆಯ ಬೆಂಗ್ವೆಲಾ ಪ್ರವಾಹದಿಂದಾಗಿ ವರ್ಷವಿಡೀ ತಂಪಾಗಿರುತ್ತದೆ, ಬೆಳಗ್ಗೆ ಮಂಜು ಕವಿಯುವುದೂ ಉಂಟು.

ಬುಕ್ ಮಾಡುವ ಮೊದಲು ಕೋರ್ಸಿನ ಕೌಂಟರಿಗೆ, ಅಂದರೆ ಪ್ರೋ ಶಾಪ್‌ಗೆ, ಕೇಳಬೇಕಾದದ್ದು ಎರಡೇ ಪ್ರಶ್ನೆ. ಓವರ್‌ಸೀಡಿಂಗ್ ಅಥವಾ ಗ್ರೀನ್ ತೂತು ಹಾಕುವ ಕೆಲಸ ಯಾವ ದಿನಗಳಲ್ಲಿ? ನಾವು ಬರುವ ದಿನ ಕಾರ್ಟ್ ಫೇರ್‌ವೇಗೆ ಇಳಿಸಬಹುದೇ?

ಹಂತ 3: ಟೀ ಟೈಮ್ ಹಿಡಿಯುವಾಗ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಮರುಭೂಮಿಯ ಬೆಟ್ಟಗಳು ಮಧ್ಯಾಹ್ನದ ಬಿಸಿಲಿಗೆ ಚಪ್ಪಟೆಯಾಗಿ, ಬಣ್ಣಗೆಟ್ಟು ಕಾಣುತ್ತವೆ. ಬೆಳಗಿನ ಮೊದಲ ಎರಡು ಗಂಟೆ, ಸಂಜೆಯ ಕೊನೆಯ ಒಂದೂವರೆ ಗಂಟೆ ಅವೇ ಬೆಟ್ಟಗಳಿಗೆ ಜೀವ ಬರುತ್ತದೆ. ಕೋರ್ಸಿನ ಅತಿ ಸುಂದರ ಹೋಲ್‌ಗಳು ಮೊದಲ ಒಂಬತ್ತರಲ್ಲಿವೆಯೋ ಎರಡನೆಯದರಲ್ಲೋ ನಕ್ಷೆ ನೋಡಿ ತಿಳಿದುಕೊಳ್ಳಿ. ಎರಡನೆಯದರಲ್ಲಿದ್ದರೆ ಸೂರ್ಯ ಮುಳುಗುವ ಐದು ಗಂಟೆ ಮೊದಲು ಶುರು ಮಾಡಿದರೆ ಒಳ್ಳೆಯ ಬೆಳಕಿಗೆ ಅಲ್ಲಿರುತ್ತೀರಿ.

ಸಂಜೆಯ ಟ್ವೈಲೈಟ್ ದರ ಅಗ್ಗ. ಆದರೆ ಡಿಸೆಂಬರ್‌ನಲ್ಲಿ ಫೀನಿಕ್ಸ್‌ನಲ್ಲೂ ದುಬೈನಲ್ಲೂ ಸಂಜೆ ಐದೂವರೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಆ ದರದಲ್ಲಿ 18 ಹೋಲ್ ಮುಗಿಯುತ್ತದೆಂದು ನಂಬಬೇಡಿ. ಇನ್ನೊಂದು ಕಡೆ, ಸ್ಕಾಟ್ಸ್‌ಡೇಲ್‌ನಂಥ ಎತ್ತರದ ಊರಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಕಟ್ಟುವುದುಂಟು. ಅದರ ಮೇಲೆ ಕಾಲಿಟ್ಟರೆ ಹುಲ್ಲು ಸಾಯುತ್ತದೆ, ಹಾಗಾಗಿ ಕರಗುವ ತನಕ ಯಾರನ್ನೂ ಬಿಡುವುದಿಲ್ಲ. ಅದೇ ದಿನ ವಿಮಾನ ಹಿಡಿಯುವವರು ಮೊದಲ ಟೀ ಟೈಮ್ ನೆಚ್ಚಿಕೊಳ್ಳಬಾರದು. ಗಾಳಿಯದ್ದೂ ಒಂದು ಲೆಕ್ಕ ಇದೆ. ಕೊಲ್ಲಿ ಕರಾವಳಿಯಲ್ಲಿ ಮಧ್ಯಾಹ್ನದ ನಂತರ ಕಡಲಗಾಳಿ ಏಳುತ್ತದೆ, ಕೋಚೆಲ್ಲಾ ಕಣಿವೆಯ ಪಾಮ್ ಸ್ಪ್ರಿಂಗ್ಸ್ ಕಡೆ ವಸಂತದ ಮಧ್ಯಾಹ್ನಗಳಲ್ಲಿ ಕಣಿವೆಯಿಂದ ಜೋರುಗಾಳಿ ನುಗ್ಗುತ್ತದೆ. ಎರಡೂ ಕಡೆ ಬೆಳಗ್ಗೆ ಶಾಂತ.

ಬೇಸಿಗೆಯಲ್ಲೇ ದುಬೈಗೆ ಹೋಗಬೇಕಾಗಿ ಬಂದರೆ ಎಮಿರೇಟ್ಸ್ ಕ್ಲಬ್‌ನ ಫಾಲ್ಡೊ ಕೋರ್ಸ್ ರಾತ್ರಿ ದೀಪದ ಬೆಳಕಿನಲ್ಲಿ ಆಡಲು ಸಿಗುತ್ತದೆ.

ಹಂತ 4: ಚೀಲದಲ್ಲಿ ಏನಿರಬೇಕು

ಸನ್‌ಸ್ಕ್ರೀನ್, ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ತೆಳು ಅಂಗಿ, ಎರಡು ಕೈಗವಸು. ಇವು ಎಲ್ಲರಿಗೂ ಗೊತ್ತು. ಒಣಹವೆಗೆ ತುಟಿ ಬಿರಿಯುತ್ತದೆ, ಲಿಪ್ ಬಾಮ್ ಮರೆಯಬೇಡಿ. ಬೆಳಗ್ಗೆ ಏಳೆಂಟು ಡಿಗ್ರಿ ಇದ್ದು ಮಧ್ಯಾಹ್ನ ಇಪ್ಪತ್ತೈದಕ್ಕೆ ಏರುವುದರಿಂದ ಒಂದರ ಮೇಲೊಂದು ತೆಳು ಬಟ್ಟೆ ಹಾಕಿ, ಬಿಸಿಲೇರಿದಂತೆ ಕಳಚುತ್ತಾ ಹೋಗಿ. ಕಾಲರ್ ಇರುವ ಅಂಗಿ ಬಹುತೇಕ ಎಲ್ಲ ಕಡೆ ಕಡ್ಡಾಯ, ಜೀನ್ಸ್‌ಗೆ ಬಹಳ ಕಡೆ ಅವಕಾಶವಿಲ್ಲ.

ಮರುಭೂಮಿಗೇ ಬೇಕಾದ ನಾಲ್ಕು ಸಾಮಾನು ಬೇರೆ ಇವೆ. ಮೊದಲನೆಯದು ಹಳದಿ ಅಥವಾ ಕಿತ್ತಳೆ ಬಣ್ಣದ ಚೆಂಡು, ಮಾಮೂಲಿಗಿಂತ ಆರಾದರೂ ಹೆಚ್ಚು. ಬಿಳಿ ಚೆಂಡು ಪುಡಿಗಲ್ಲಿನ ನೆಲದಲ್ಲಿ ಎರಡು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಚೆಂಡಿನ ಸುತ್ತ ಎರಡು ಮೂರು ಕಡೆ ದಪ್ಪ ಮಾರ್ಕರ್‌ನಲ್ಲಿ ಗುರುತು ಹಾಕಿ, ಕಾರಣ ಮುಂದೆ ಗೊತ್ತಾಗುತ್ತದೆ. ಎರಡನೆಯದು ಹಳೆಯ ವೆಡ್ಜ್ ಅಥವಾ ಐರನ್ ಕ್ಲಬ್. ಕಲ್ಲಿನ ಮೇಲಿಂದ ಹೊಡೆದರೆ ಕ್ಲಬ್‌ನ ಮುಖಕ್ಕೆ ಗೀರು ಬೀಳುವುದು ಖಚಿತ. ಅದೂ 14 ಕ್ಲಬ್‌ಗಳ ಮಿತಿಯೊಳಗೇ ಲೆಕ್ಕ ಎಂಬುದು ನೆನಪಿರಲಿ. ಮೂರನೆಯದು ಅಗಲ ಹಲ್ಲಿನ ಬಾಚಣಿಗೆ ಮತ್ತು ಚಿಮುಟ. ನಾಲ್ಕನೆಯದು ದೂರ ಅಳೆಯುವ ರೇಂಜ್‌ಫೈಂಡರ್. ಕ್ಲಬ್‌ಗಳನ್ನು ವಿಮಾನದ ಕ್ಯಾಬಿನ್‌ಗೆ ಬಿಡುವುದಿಲ್ಲ, ಆದರೆ ರೇಂಜ್‌ಫೈಂಡರ್, ಶೂ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿದ್ದರೆ ಲಗೇಜು ತಡವಾದರೂ ಬಾಡಿಗೆ ಕ್ಲಬ್ ಹಿಡಿದು ಆಡಬಹುದು.

ಬಾಡಿಗೆ ಕ್ಲಬ್ ತೆಗೆದುಕೊಳ್ಳುವವರು ಗೀರಿನ ವಿಷಯ ಕೌಂಟರಿನಲ್ಲೇ ಬಾಯಿಬಿಟ್ಟು ಕೇಳಿ. ಮರುಭೂಮಿಯಿಂದ ಹೊಡೆದು ಕ್ಲಬ್ ಹಾಳಾದರೆ ಹಣ ಕೇಳುವ ಕಡೆಗಳಿವೆ. ಅಂಥಲ್ಲಿ ಫೇರ್‌ವೇ ಬಿಟ್ಟು ಹೋದ ಚೆಂಡನ್ನು ಅಲ್ಲೇ ಬಿಟ್ಟು, ಪೆನಾಲ್ಟಿ (ಸ್ಕೋರಿಗೆ ಸೇರುವ ದಂಡದ ಹೊಡೆತ) ತೆಗೆದುಕೊಳ್ಳುವುದೇ ಲಾಭ.

ಹಂತ 5: ಟೀ ಆರಿಸಿ, ದೂರ ಅಳೆಯಿರಿ

ಬೇರೆ ಕೋರ್ಸಿನಲ್ಲಿ ಹಿಂದಿನ ಟೀ ಆರಿಸಿದರೆ ಆಟ ಕಷ್ಟವಾಗುತ್ತದೆ, ಅಷ್ಟೇ. ಟಾರ್ಗೆಟ್ ಕೋರ್ಸಿನಲ್ಲಿ ಆಟವೇ ನಡೆಯುವುದಿಲ್ಲ, ಏಕೆಂದರೆ ಚೆಂಡು ಗಾಳಿಯಲ್ಲೇ ದಾಟಬೇಕಾದ ಮರುಭೂಮಿಯ ಪಟ್ಟಿ ಟೀಯ ಮುಂದೆಯೇ ಇರುತ್ತದೆ. ಸುಲಭವಾದ ಲೆಕ್ಕ ಒಂದಿದೆ: ನೀವು 5 ಐರನ್ ಸರಾಸರಿ ಎಷ್ಟು ಗಜ ಹೊಡೆಯುತ್ತೀರೋ ಅದನ್ನು 36ರಿಂದ ಗುಣಿಸಿ. 150 ಗಜ ಹೊಡೆಯುವವರಿಗೆ 5,400 ಗಜ. ಸ್ಕೋರ್‌ಕಾರ್ಡಿನಲ್ಲಿ ಆ ಉದ್ದಕ್ಕೆ ಹತ್ತಿರದ ಟೀ ನಿಮ್ಮದು. ಮುಂದಿನ ಟೀಯಿಂದ ಆಡಿದರೆ ನೋಟವೇನೂ ಕಡಿಮೆಯಾಗುವುದಿಲ್ಲ.

ಚೆಂಡು ಮರುಭೂಮಿಯಲ್ಲಿ ಹೆಚ್ಚು ದೂರ ಹೋಗುತ್ತದೆ ಎನ್ನುವ ಮಾತು ಅರ್ಧ ನಿಜ. ಎತ್ತರ ಹೆಚ್ಚಿದಷ್ಟೂ ಗಾಳಿ ವಿರಳವಾಗಿ, ಪ್ರತಿ 1,000 ಅಡಿಗೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ದೂರ ಸಿಗುತ್ತದೆ. ಉತ್ತರ ಸ್ಕಾಟ್ಸ್‌ಡೇಲ್‌ನ ಎತ್ತರದಲ್ಲಿ 150 ಗಜದ ಹೊಡೆತಕ್ಕೆ ನಾಲ್ಕೈದು ಗಜ ಸೇರಿಸಿಕೊಳ್ಳಬಹುದು. ದುಬೈ ಸಮುದ್ರ ಮಟ್ಟದಲ್ಲಿದೆ, ಅಲ್ಲಿ ಎತ್ತರದ ಲಾಭವಿಲ್ಲ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್ ಕೋರ್ಸ್ ಸಮುದ್ರ ಮಟ್ಟಕ್ಕಿಂತ 214 ಅಡಿ ಕೆಳಗಿದೆ, ಎತ್ತರದ ಲೆಕ್ಕವೇ ಅಲ್ಲಿ ತಿರುಗುಮುರುಗು. ಜೊತೆಗೆ ತಣ್ಣನೆಯ ಬೆಳಗಿನಲ್ಲಿ ಚೆಂಡು ಗಟ್ಟಿಯಾಗಿ, ಗಾಳಿ ದಟ್ಟವಾಗಿ ದೂರ ಕಡಿಮೆಯಾಗುತ್ತದೆ. ಬೆಳಗ್ಗೆ ಮೂರನೇ ಹೋಲ್‌ನಲ್ಲಿ ಸರಿಹೋದ ಕ್ಲಬ್ ಮಧ್ಯಾಹ್ನ ಹದಿನೈದನೆಯದರಲ್ಲಿ ಗ್ರೀನ್ ದಾಟಿಸಿಬಿಡಬಹುದು.

ಕಣ್ಣನ್ನಂತೂ ನಂಬಬೇಡಿ. ಒಣ ಗಾಳಿಯಲ್ಲಿ ಎಲ್ಲವೂ ಸ್ವಚ್ಛವಾಗಿ ಕಾಣುತ್ತದೆ, ಅಳತೆ ಸಿಗಲು ಮರಗಳಿಲ್ಲ, ಹಿಂದೆ ದೈತ್ಯ ಬೆಟ್ಟ. 170 ಗಜದ ಬಾವುಟ 150ರಂತೆ ಕಾಣುತ್ತದೆ. ಪ್ರತಿ ಹೊಡೆತಕ್ಕೂ ಅಳೆಯಿರಿ. ಬಾವುಟದ ದೂರದ ಜೊತೆ ಇನ್ನೆರಡು ದೂರ ಬೇಕು: ಹಸಿರು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ.

ಹಂತ 6: ಹಸಿರು ಮುಗಿಯುವ ಮೊದಲೇ ನಿಲ್ಲುವ ಕ್ಲಬ್ ತೆಗೆಯಿರಿ

ಟ್ರೂನ್ ನಾರ್ತ್‌ನ ಮಾನ್ಯುಮೆಂಟ್ ಕೋರ್ಸಿನ ಮೂರನೇ ಹೋಲ್ ನೋಡಿ. ಪಾರ್ 5, ಅಂದರೆ ಐದು ಹೊಡೆತಗಳಲ್ಲಿ ಮುಗಿಸಬೇಕಾದದ್ದು. ಫೇರ್‌ವೇಯಲ್ಲೇ ಮನೆಯೆತ್ತರದ ಬಂಡೆಯೊಂದು ನಿಂತಿದೆ, ಕೋರ್ಸಿಗೆ ಹೆಸರು ಬಂದದ್ದೂ ಅದರಿಂದಲೇ. ಟೀ ಮೇಲೆ ನಿಂತವರ ಕಣ್ಣು ಬಂಡೆಯ ಮೇಲೇ ಇರುತ್ತದೆ, ಕಣ್ಣಿದ್ದ ಕಡೆಗೇ ಚೆಂಡೂ ಹೋಗುತ್ತದೆ. ಅಲ್ಲಿ ಮಾಡಬೇಕಾದ್ದು, ಬಂಡೆಯ ಒಂದು ಪಕ್ಕದ ಹಸಿರಿನಲ್ಲಿ ಹಾಸಿಗೆಯಗಲದ ಒಂದು ಜಾಗವನ್ನು ಆರಿಸಿಕೊಳ್ಳುವುದು. ಆ ಜಾಗಕ್ಕೆ ಎಷ್ಟು ಗಜ ಎಂದು ಅಳೆಯುವುದು, ಆಮೇಲೆ ಕ್ಲಬ್ ಹುಡುಕುವುದು. ಮರುಭೂಮಿಯ ಪ್ರತಿ ಟೀಗೂ ಇದೇ ಕ್ರಮ: ಜಾಗ, ದೂರ, ಕ್ಲಬ್. ಮೊದಲೇ ಅತಿ ದೂರ ಹೊಡೆಯುವ ಡ್ರೈವರ್ ಕೈಗೆ ಬಂದರೆ ಕ್ರಮ ತಲೆಕೆಳಗಾದಂತೆ.

ಅನೇಕ ಹೋಲ್‌ಗಳಲ್ಲಿ ಫೇರ್‌ವೇ ಒಂದು ದೂರದ ನಂತರ ಕಿರಿದಾಗುತ್ತದೆ, ಇಲ್ಲವೇ ಒಣ ಹಳ್ಳವೊಂದು ಅಡ್ಡ ಬರುತ್ತದೆ. ನಿಮ್ಮ ಡ್ರೈವರ್ ದೂರ ಆ ಹಳ್ಳದಿಂದ 20 ಗಜದೊಳಗೆ ಬರುವಂತಿದ್ದರೆ ಕಡಿಮೆ ದೂರದ ಹೈಬ್ರಿಡ್ ಅಥವಾ ಐರನ್ ತೆಗೆಯಿರಿ. ಚಳಿಗಾಲದ ಗಟ್ಟಿ ನೆಲದಲ್ಲಿ ಚೆಂಡು ಬಿದ್ದ ಮೇಲೂ ಬಹಳ ಉರುಳುತ್ತದೆ. ಎಡ, ಬಲ ಎರಡೂ ಕಡೆ ಮರುಭೂಮಿ ಇದ್ದು ಒಂದು ಕಡೆ ತೆರೆದ ಪುಡಿಗಲ್ಲು, ಇನ್ನೊಂದು ಕಡೆ ದಟ್ಟ ಚೋಯಾ ಕಳ್ಳಿ ಇದ್ದರೆ, ಪುಡಿಗಲ್ಲಿನ ಕಡೆಗೆ ವಾಲಿಸಿ ಗುರಿ ಇಡಿ. ಗ್ರೀನ್‌ಗೆ ಹೊಡೆಯುವಾಗ ಹಿಂಭಾಗ ಸಾಮಾನ್ಯವಾಗಿ ನೇರ ಕಲ್ಲಿಗೆ ಇಳಿಯುತ್ತದೆ, ಮುಂಭಾಗದಲ್ಲಿ ಹುಲ್ಲಿನ ಅಂಗಳವಿರುತ್ತದೆ. ತಪ್ಪುವುದಾದರೆ ಮುಂದೆ ತಪ್ಪಲಿ.

ಬಂಕರ್‌ಗಳ (ಮರಳಿನ ಗುಂಡಿಗಳ) ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಲಾ ಕಿಂಟಾದಲ್ಲಿ ಪೀಟ್ ಡೈ ರೂಪಿಸಿ 1986ರಲ್ಲಿ ತೆರೆದ ಪಿಜಿಎ ವೆಸ್ಟ್ ಸ್ಟೇಡಿಯಂ ಕೋರ್ಸಿನ 16ನೇ ಹೋಲ್‌ನಲ್ಲಿ ಸುಮಾರು ಆರು ಮೀಟರ್ ಆಳದ ಬಂಕರ್ ಇದೆ, ಮರು ಹೋಲ್‌ನಲ್ಲೇ ನೀರಿನ ನಡುವಿನ ದ್ವೀಪದ ಗ್ರೀನ್. ಎರಡನ್ನೂ ಒಮ್ಮೆ ಆಡಿ ನೋಡಲೇಬೇಕು. 16ರಲ್ಲಿ ಎಡಕ್ಕೆ ಮಾತ್ರ ಹೋಗಬೇಡಿ.

ಹಂತ 7: ಚೆಂಡು ಮರುಭೂಮಿಗೆ ಹೋದಾಗ

ಹೋಗೇ ಹೋಗುತ್ತದೆ. ಆಗ ಏನು ಮಾಡಬೇಕೆಂದು ಗೊತ್ತಿದ್ದರೆ ಒಂದು ಹೊಡೆತಕ್ಕೆ ಮುಗಿಯುತ್ತದೆ, ಇಲ್ಲದಿದ್ದರೆ ನಾಲ್ಕಕ್ಕೆ.

ಮೊದಲು ಸ್ಕೋರ್‌ಕಾರ್ಡಿನ ಹಿಂಭಾಗ ಓದಿ. 2019ರ ನಿಯಮ ಬದಲಾವಣೆಯ ನಂತರ ಕೋರ್ಸಿನವರು ಮರುಭೂಮಿಯನ್ನೇ ಪೆನಾಲ್ಟಿ ಏರಿಯಾ (ದಂಡ ತೆತ್ತು ಚೆಂಡನ್ನು ಹೊರಗೆ ತರಬಹುದಾದ ಜಾಗ) ಎಂದು ಗುರುತಿಸಬಹುದು. ಕೆಂಪು ಗುರುತು ಇದ್ದರೆ ಒಂದು ಪೆನಾಲ್ಟಿ ಹೊಡೆತಕ್ಕೆ, ಚೆಂಡು ಅಂಚು ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ ಡ್ರಾಪ್ ಮಾಡಿ, ಅಂದರೆ ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು, ಮುಂದೆ ಹೋಗಬಹುದು. ಚೆಂಡು ಸಿಗಬೇಕೆಂದೂ ಇಲ್ಲ, ಅಲ್ಲೇ ಹೋಗಿದೆ ಎಂಬುದು ಬಹುತೇಕ ಖಚಿತವಿದ್ದರೆ ಸಾಕು. ಕೆಲವು ಕೋರ್ಸ್‌ಗಳು ಇನ್ನೊಂದು ಸ್ಥಳೀಯ ನಿಯಮ ಇಟ್ಟಿರುತ್ತವೆ: ಕಳೆದ ಚೆಂಡಿಗೆ ಎರಡು ಪೆನಾಲ್ಟಿ ತೆಗೆದುಕೊಂಡು ಫೇರ್‌ವೇ ಅಂಚಿನಲ್ಲಿ ಡ್ರಾಪ್. ಇವೆರಡೂ ಇಲ್ಲದಿದ್ದರೆ ಮರುಭೂಮಿ ಸಾಮಾನ್ಯ ನೆಲವೇ. ಕಳೆದ ಚೆಂಡಿಗೆ ಹಿಂದಿನ ಜಾಗಕ್ಕೇ ಮರಳಿ ಒಂದು ಪೆನಾಲ್ಟಿಯೊಡನೆ ಹೊಡೆಯಬೇಕು. ಅದಕ್ಕೇ ಅನುಮಾನ ಬಂದ ಕೂಡಲೇ, ಪ್ರೊವಿಷನಲ್ (ತಾತ್ಕಾಲಿಕ ಚೆಂಡು) ಎಂದು ಬಾಯಲ್ಲಿ ಹೇಳಿ ಎರಡನೇ ಚೆಂಡು ಹೊಡೆದಿಡಿ. ಹುಡುಕಲು ಇರುವುದು ಮೂರೇ ನಿಮಿಷ.

ಹುಡುಕುವ ಬಗೆಗೂ ಒಂದು ಶಿಸ್ತಿದೆ. ಕ್ಲಬ್ ಕೈಯಲ್ಲಿ ಹಿಡಿದು, ಕಾಲಿಡುವ ಜಾಗ ನೋಡುತ್ತಾ, ಬಯಲಿನಲ್ಲೇ ನಡೆಯಿರಿ. ಪೊದೆಯೊಳಗೆ, ಬಂಡೆ ಸಂದಿಗೆ, ಬಿಲದೊಳಗೆ ಕೈ ಹಾಕಬೇಡಿ, ಚೆಂಡು ಕಣ್ಣೆದುರೇ ಕಂಡರೂ ಸರಿ. ಅರಿಜೋನಾದ ಸೊನೋರನ್ ಮರುಭೂಮಿಯಲ್ಲಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ರ‍್ಯಾಟಲ್‌ಸ್ನೇಕ್‌ಗಳು ಚುರುಕಾಗಿರುತ್ತವೆ. ಬಾಲದ ಸದ್ದು ಕೇಳಿದರೆ ನಿಂತುಬಿಡಿ, ಎಲ್ಲಿದೆ ನೋಡಿ, ನಿಧಾನ ಹಿಂದಕ್ಕೆ ಸರಿಯಿರಿ. ಸದ್ದು ಮಾಡದೆ ಮಲಗಿರುವುದೂ ಉಂಟು. ಹಾವಿನ ಪಕ್ಕ ಚೆಂಡು ಬಿದ್ದಿದ್ದರೆ ನಿಯಮ 16.2 ಪೆನಾಲ್ಟಿ ಇಲ್ಲದೆ ಸುರಕ್ಷಿತ ಜಾಗಕ್ಕೆ ಡ್ರಾಪ್ ಕೊಡುತ್ತದೆ. ಅಪಾಯಕಾರಿ ಪ್ರಾಣಿಗೆ ಈ ರಿಯಾಯಿತಿ, ಕಳ್ಳಿಗೆ ಇಲ್ಲ. ಮೊಲದ ಬಿಲದಲ್ಲಿ ಚೆಂಡಿದ್ದರೆ ಉಚಿತ ಡ್ರಾಪ್ ಸಿಗುತ್ತದೆ, ಆದರೆ ಬಿಲ ಕಳ್ಳಿಯ ಬುಡದಲ್ಲಿದ್ದು ಹೇಗೂ ಹೊಡೆಯಲಾಗದ ಜಾಗವಾಗಿದ್ದರೆ ಸಿಗುವುದಿಲ್ಲ.

ಸಗ್ವಾರೊ ಕಳ್ಳಿಯ ಮೈಗೆ ಚೆಂಡು ಹೊಕ್ಕು ಅಲ್ಲೇ ಉಳಿಯುವುದು ಕಟ್ಟುಕಥೆಯಲ್ಲ. ಆಗ ಚೆಂಡು ಅನ್‌ಪ್ಲೇಯಬಲ್ (ಆಡಲಾಗದ್ದು) ಎಂದು ಘೋಷಿಸಿ, ಒಂದು ಪೆನಾಲ್ಟಿಗೆ, ಚೆಂಡಿನ ನೇರ ಕೆಳಗಿನ ನೆಲದಿಂದ ಎರಡು ಕ್ಲಬ್ ಉದ್ದದೊಳಗೆ ಡ್ರಾಪ್ ಮಾಡಬಹುದು. ಆದರೆ ಅದು ನಿಮ್ಮದೇ ಚೆಂಡು ಎಂದು ಗುರುತಿಸಬೇಕು. ದಪ್ಪ ಮಾರ್ಕರ್‌ನ ಗುರುತು ಬೇಕಾಗುವುದು ಇಲ್ಲಿಯೇ, ರೇಂಜ್‌ಫೈಂಡರ್‌ನಲ್ಲಿ ನೋಡಿದರೆ ಕಾಣುತ್ತದೆ. ಕಳ್ಳಿಗೆ ಕಲ್ಲು ಹೊಡೆಯಬೇಡಿ, ಕ್ಲಬ್‌ನಿಂದ ಕೆದಕಬೇಡಿ. ಸಗ್ವಾರೊಗೆ ಮೊದಲ ಕವಲು ಬರಲು 50ರಿಂದ 75 ವರ್ಷ ಬೇಕು, ಅರಿಜೋನಾದ ಕಾನೂನು ಅದನ್ನು ರಕ್ಷಿಸುತ್ತದೆ.

ಚೆಂಡು ಸಿಕ್ಕಿತು, ಹೊಡೆಯಬಹುದಾದ ಜಾಗವೂ ಇದೆ ಅನ್ನೋಣ. ಬಗ್ಗಿ ಹತ್ತಿರದಿಂದ ನೋಡಿ. ಚೆಂಡಿನ ಹಿಂದೆ ಸಡಿಲ ಕಲ್ಲಿದ್ದರೆ ತೆಗೆಯಬಹುದು, ಚೆಂಡು ಅಲುಗಬಾರದು. ನೆಲಕ್ಕೆ ಹೂತ ಕಲ್ಲನ್ನು ಕೀಳುವಂತಿಲ್ಲ, ಮರಳನ್ನು ಸರಿಸುವಂತಿಲ್ಲ. ಇದು ಬಂಕರ್ ಅಲ್ಲವಾದ್ದರಿಂದ ಕ್ಲಬ್ಬನ್ನು ಹಗುರಾಗಿ ನೆಲಕ್ಕೆ ತಾಗಿಸಬಹುದು. ಹಿಂದೆ ಚುಚ್ಚುವ ಕಳ್ಳಿ ಇದ್ದರೆ ಟವೆಲ್ಲನ್ನು ನಿಮ್ಮ ಮೈಗೆ ಸುತ್ತಿಕೊಳ್ಳಬಹುದು, ಕಳ್ಳಿಯ ಮೇಲೆ ಹೊದಿಸಿದರೆ ಮಾತ್ರ ಪೆನಾಲ್ಟಿ.

ಹೊಡೆತ ಹೀಗೆ. ಕ್ಲಬ್ಬನ್ನು ಒಂದು ಅಂಗುಲ ಕೆಳಗೆ ಹಿಡಿಯಿರಿ, ಚೆಂಡನ್ನು ನಿಲುವಿನ ನಡುವಿಗಿಂತ ತುಸು ಹಿಂದಕ್ಕೆ ಇಟ್ಟುಕೊಳ್ಳಿ, ಭಾರ ಮುಂಗಾಲಿನ ಮೇಲೆ. ಅರ್ಧ ಬೀಸು. ಮೊದಲು ಚೆಂಡಿಗೆ ತಾಗಬೇಕು, ನೆಲಕ್ಕೆ ಆಮೇಲೆ. ಗುರಿ ಅತಿ ಹತ್ತಿರದ ಹಸಿರು, ಅದು ಪಕ್ಕಕ್ಕಿದ್ದರೂ ಸರಿ. ಚೆಂಡಿನ ಮುಂದೆ ಅಥವಾ ಹಿಂದೆ ಹೂತ ಬಂಡೆ ಇದ್ದರೆ ಹೊಡೆಯಲೇಬೇಡಿ. ಬಂಡೆಗೆ ಬಡಿದ ಚೆಂಡು ಮುಖಕ್ಕೇ ಬರುತ್ತದೆ, ಬಂಡೆಗೆ ಬಡಿದ ಕ್ಲಬ್ ಮಣಿಕಟ್ಟು ಮುರಿಯುತ್ತದೆ. ಒಂದು ಪೆನಾಲ್ಟಿ ಅದಕ್ಕಿಂತ ಅಗ್ಗ.

ಚೋಯಾ ಕಳ್ಳಿಯ ಉಂಡೆ ಕಾಲಿಗೆ ಅಂಟಿದರೆ ಕೈಯಿಂದ ಎಳೆಯಬೇಡಿ, ಕೈಗೂ ಅಂಟುತ್ತದೆ. ಅದರ ಮುಳ್ಳಿನ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಕೊಕ್ಕೆಗಳಿವೆ. ಉಂಡೆ ಮತ್ತು ಚರ್ಮದ ನಡುವೆ ಬಾಚಣಿಗೆ ತೂರಿಸಿ, ಮೈಯಿಂದ ಆಚೆಗೆ, ಹತ್ತಿರ ಯಾರೂ ಇಲ್ಲದ ಕಡೆ ಒಮ್ಮೆಲೇ ಚಿಮ್ಮಿಸಿ. ಉಳಿದ ಮುಳ್ಳನ್ನು ಚಿಮುಟದಲ್ಲಿ ಒಂದೊಂದಾಗಿ ಕೀಳಿ.

ಹಂತ 8: ಗ್ರೀನ್‌ನಲ್ಲಿ ಬೆಟ್ಟ ಎಲ್ಲಿದೆ ಎಂದು ಕೇಳಿ

ಪಾಮ್ ಸ್ಪ್ರಿಂಗ್ಸ್ ಕಡೆಯ ಕ್ಯಾಡಿಗಳು (ಆಟಗಾರರ ಚೀಲ ಹೊರುವವರು) ಹೊಸಬರಿಗೆ ಹೇಳುವ ಮೊದಲ ಮಾತು, ಎಲ್ಲವೂ ಇಂಡಿಯೊ ಕಡೆಗೆ ತಿರುಗುತ್ತದೆ ಎಂಬುದು. ಇಂಡಿಯೊ ಕಣಿವೆಯ ತಗ್ಗಿನಲ್ಲಿರುವ ಊರು. ಬೆಟ್ಟದ ಬುಡದ ಇಳಿಜಾರಿನ ಮೇಲೆ ಕಟ್ಟಿದ ಗ್ರೀನ್ ಕಣ್ಣಿಗೆ ಸಮತಟ್ಟಾಗಿ ಕಂಡರೂ ಇಡೀ ನೆಲ ತಗ್ಗಿನ ಕಡೆ ವಾಲಿರುತ್ತದೆ, ಚೆಂಡು ಬೆಟ್ಟದಿಂದ ದೂರ ಸರಿಯುತ್ತದೆ. ಯಾವ ಮರುಭೂಮಿಗೆ ಹೋದರೂ ಮೊದಲ ಟೀಯಲ್ಲೇ ತಗ್ಗು ಯಾವ ಕಡೆ ಎಂದು ಆಟ ಶುರು ಮಾಡಿಸುವ ಸ್ಟಾರ್ಟರ್‌ನನ್ನು ಕೇಳಿ. ಬರ್ಮುಡಾ ಗ್ರೀನ್ ಆದರೆ ಹುಲ್ಲು ಮಲಗಿದ ದಿಕ್ಕನ್ನೂ ನೋಡಿ: ಹೊಳೆಯುವಂತೆ ಕಂಡರೆ ಹುಲ್ಲು ನಿಮ್ಮಿಂದ ಆಚೆಗೆ ಮಲಗಿದೆ, ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ವೇಗವಾಗಿ ಹೋಗುತ್ತದೆ. ಕಪ್ಪಗೆ ಕಂಡರೆ ಎದುರು, ನಿಧಾನ.

ಹಂತ 9: ಬಿಸಿಲು

ಒಣ ಹವೆಯಲ್ಲಿ ಬೆವರು ಚರ್ಮದ ಮೇಲೆ ನಿಲ್ಲದೆ ಆರಿಹೋಗುತ್ತದೆ, ಬೆವರಿದ್ದೇ ಗೊತ್ತಾಗುವುದಿಲ್ಲ. ಬಾಯಾರಿಕೆಗೆ ಕಾಯದೆ ಪ್ರತಿ 15ರಿಂದ 20 ನಿಮಿಷಕ್ಕೆ ಒಂದು ಲೋಟ ನೀರು ಕುಡಿಯಿರಿ, ಬಿಸಿಲು ಜೋರಿದ್ದರೆ ನಡುವೆ ಉಪ್ಪಿನಂಶದ ಪಾನೀಯ. ಕೋರ್ಸ್ ಬದಿಯ ಎಲ್ಲ ನಲ್ಲಿಯ ನೀರೂ ಕುಡಿಯುವುದಲ್ಲ. ಹುಲ್ಲಿಗೆ ಶುದ್ಧೀಕರಿಸಿದ ತ್ಯಾಜ್ಯ ನೀರು ಬಳಸುವ ಕಡೆ ಫಲಕ ಹಾಕಿರುತ್ತಾರೆ, ಅಲ್ಲಿ ಚೆಂಡನ್ನು ಬಾಯಿಗೆ ತಾಗಿಸುವ ಅಭ್ಯಾಸವೂ ಬೇಡ.

ತಲೆನೋವು, ವಾಕರಿಕೆ, ಸುಸ್ತು ಕಂಡರೆ ಆಟ ನಿಲ್ಲಿಸಿ ನೆರಳಿಗೆ ಬನ್ನಿ. ಜೊತೆಗಾರರ ಮಾತು ತಡವರಿಸಿದರೆ, ಗೊಂದಲದಲ್ಲಿದ್ದಂತೆ ಕಂಡರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಕೂಡಲೇ ತುರ್ತು ಸಹಾಯಕ್ಕೆ ಕರೆ ಮಾಡಿ, ಮೈಗೆ ನೀರು ಸುರಿದು ಗಾಳಿ ಹಾಕುತ್ತಿರಿ. ಕಾರ್ಟ್‌ನ ಜಿಪಿಎಸ್ ಪರದೆಯಿಂದ ಕ್ಲಬ್‌ಹೌಸ್‌ಗೆ ಸಂದೇಶ ಕಳಿಸುವುದು ಹೇಗೆಂದು ಆಟ ಶುರುವಾಗುವ ಮೊದಲೇ ನೋಡಿಟ್ಟುಕೊಳ್ಳಿ.

ಅರಿಜೋನಾದಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ ಮಾನ್ಸೂನ್. ಮಧ್ಯಾಹ್ನ ಮಿಂಚು, ಧೂಳಿನ ಗೋಡೆ ಎರಡೂ ಏಕಾಏಕಿ ಬರುತ್ತವೆ. ಸೈರನ್ ಕೇಳಿದರೆ ಪಟ್ ಬಾಕಿ ಇದ್ದರೂ ಬಿಟ್ಟು ಹೊರಡಿ. ವಾಪಸು ಬರುವಾಗ ರಸ್ತೆಯಲ್ಲಿ ಧೂಳು ಕವಿದರೆ ವಾಹನವನ್ನು ರಸ್ತೆಯಿಂದ ಪೂರ್ತಿ ಆಚೆ ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ಬ್ರೇಕ್‌ನಿಂದ ಕಾಲು ತೆಗೆಯಿರಿ. ಇಲ್ಲದಿದ್ದರೆ ಹಿಂದಿನವರು ನಿಮ್ಮ ಕೆಂಪು ದೀಪ ಹಿಂಬಾಲಿಸಿ ಬಂದು ಗುದ್ದುತ್ತಾರೆ.

ಹುಲ್ಲೇ ಇಲ್ಲದ ಕೋರ್ಸ್ ಆಡಬೇಕೆಂದರೆ

ಇದೂ ಒಂದು ಬಗೆ, ಅವಕಾಶ ಸಿಕ್ಕರೆ ಬಿಡಬೇಡಿ. ಕೊಲ್ಲಿಯ ಹಳೆಯ ಮರಳು ಕೋರ್ಸ್‌ಗಳಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಓಪಲ್ ಗಣಿಯ ಊರು ಕೂಬರ್ ಪೀಡಿಯಲ್ಲಿ ಆಟಗಾರರು ಕೃತಕ ಹುಲ್ಲಿನ ಸಣ್ಣ ಚಾಪೆ ಹೊತ್ತುಕೊಂಡೇ ನಡೆಯುತ್ತಾರೆ. ಪ್ರತಿ ಹೊಡೆತಕ್ಕೂ ಚಾಪೆ ಹಾಸಿ, ಮೇಲೆ ಚೆಂಡಿಟ್ಟು ಹೊಡೆಯುವುದು. ಗ್ರೀನ್ ಬದಲಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಮರಳು, ಅದಕ್ಕೆ ಬ್ರೌನ್ ಎನ್ನುತ್ತಾರೆ. ಪಟ್ ಮಾಡಿದ ಮೇಲೆ ಹೆಜ್ಜೆ ಗುರುತು ಅಳಿಸಿ ಸಮ ಮಾಡಿ ಹೋಗಬೇಕು. ಬ್ರೌನ್‌ಗಳು ಒಂದೇ ವೇಗ, ತಿರುವು ಕಡಿಮೆ, ನೇರ ಹೊಡೆದರೆ ನೇರ ಹೋಗುತ್ತದೆ. ಆಸ್ಟ್ರೇಲಿಯಾದಲ್ಲೇ ನಲ್ಲಾರ್ಬರ್ ಲಿಂಕ್ಸ್ ಎಂಬುದಿದೆ. ಕ್ಯಾಲ್ಗೂರ್ಲಿಯಿಂದ ಸೆಡೂನಾವರೆಗೆ 1,365 ಕಿಲೋಮೀಟರ್ ಹೆದ್ದಾರಿಯುದ್ದಕ್ಕೂ 18 ಹೋಲ್, ಒಂದೊಂದು ಊರಿಗೆ, ಒಂದೊಂದು ರಸ್ತೆಬದಿಯ ತಂಗುದಾಣಕ್ಕೆ ಒಂದೊಂದು. ಮುಗಿಸಲು ಹಲವು ದಿನ ಬೇಕು.

ಆಟ ಮುಗಿದ ಮೇಲೆ

ಶೂ ಕಳಚುವ ಮೊದಲು ಅಡಿಭಾಗ ನೋಡಿ, ಮುಳ್ಳು ಸೇರಿಕೊಂಡಿರುತ್ತದೆ. ಚೀಲದ ಜಿಪ್‌ಗಳಲ್ಲಿ ಮರಳು ಕೂತರೆ ಕೆಲವೇ ದಿನಕ್ಕೆ ಹಲ್ಲು ಕಚ್ಚುವುದಿಲ್ಲ, ಒಣ ಬ್ರಷ್‌ನಿಂದ ಉಜ್ಜಿ. ಕ್ಲಬ್‌ಗಳ ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸನ್‌ಸ್ಕ್ರೀನ್ ಮತ್ತು ಧೂಳು ಸೇರಿದರೆ ಜಾರುತ್ತದೆ. ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಕ್ಲಬ್ ಬಿಟ್ಟು ಹೋಗಬೇಡಿ, ಆ ಕಾವಿಗೆ ಹಿಡಿಯ ಅಂಟು ಸಡಿಲವಾಗುತ್ತದೆ. ಮುಂದಿನ ನಿಲ್ದಾಣ ಆಸ್ಟ್ರೇಲಿಯಾದಂಥ ದೇಶವಾಗಿದ್ದರೆ ಶೂ ಮತ್ತು ಕ್ಲಬ್‌ಗೆ ಅಂಟಿದ ಮಣ್ಣು, ಬೀಜ ಪೂರ್ತಿ ತೊಳೆದು, ಬಳಸಿದ ಕ್ರೀಡಾ ಸಾಮಗ್ರಿ ಇದೆ ಎಂದು ಬಂದಿಳಿಯುವಾಗ ತುಂಬುವ ಪ್ರವೇಶ ಪತ್ರದಲ್ಲಿ ತಿಳಿಸಿ. ಹಲ್ಲುಜ್ಜುವ ಹಳೆಯ ಬ್ರಷ್ ಒಂದು ಚೀಲದಲ್ಲಿದ್ದರೆ ಹೋಟೆಲಿನ ಸ್ನಾನದ ಮನೆಯಲ್ಲೇ ಹದಿನೈದು ನಿಮಿಷದಲ್ಲಿ ಈ ಕೆಲಸ ಮುಗಿಯುತ್ತದೆ.